ತಿರುವಿನ ದೀಪ, ಕೋಡಿಂಗ್ ಮತ್ತು ವಾರಂಟಿ: ನನ್ನ ಅನುಭವ

ಚಿಕ್ಕಮಗಳೂರು ಬಳಿಯ ಘಾಟಿಯಲ್ಲಿ ಅತ್ತಿಗುಂಡಿಯಿಂದ ಕೈಮರದ ಕಡೆಗೆ ಮಳೆಗಾಲದ ಸಂಜೆ ಇಳಿದವರಿಗೆ ಗೊತ್ತು: ಹೆಡ್‌ಲೈಟ್ ಎದುರಿನ ಮಂಜನ್ನಷ್ಟೇ ಬೆಳಗುತ್ತದೆ, ತಿರುವಿನ ಒಳಬದಿ ಕತ್ತಲಾಗಿಯೇ ಇರುತ್ತದೆ. ನನ್ನ ಕಾರಿನ ದುಬಾರಿ ಆವೃತ್ತಿಯಲ್ಲಿ ಸ್ಟೇರಿಂಗ್ ತಿರುಗಿಸಿದ ಕಡೆಯ ಫಾಗ್ ಲ್ಯಾಂಪ್ (ಮಂಜಿನ ದೀಪ) ತಾನಾಗಿ ಹೊತ್ತಿಕೊಳ್ಳುತ್ತದೆ. ನನ್ನದರಲ್ಲೂ ಅವೇ ದೀಪಗಳು, ಅದೇ ವೈರಿಂಗ್. ತಂತ್ರಾಂಶದಲ್ಲಿ ಮಾತ್ರ ಬೀಗ. ಆ ತಂತ್ರಾಂಶದ ಸೆಟ್ಟಿಂಗ್ ಬದಲಿಸಿ ಬೀಗ ತೆಗೆಯುವುದಕ್ಕೇ ಕೋಡಿಂಗ್ ಎನ್ನುತ್ತಾರೆ. ದುಡ್ಡು ಕೊಟ್ಟು ಕೊಂಡ ದೀಪ ಬೇಕಾದಾಗ ಉರಿಯದಿದ್ದರೆ ಯಾರಿಗಾದರೂ ಸಿಟ್ಟು ಬರುತ್ತದೆ.

ಸ್ಟೇರಿಂಗ್ ಕೆಳಗೆ, ದೋಷ ಪತ್ತೆಗೆ ಸ್ಕ್ಯಾನರ್ ಜೋಡಿಸುವ ಒಬಿಡಿ ಪೋರ್ಟ್‌ಗೆ ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿ, ಮೊಬೈಲ್‌ನಲ್ಲಿ ಕೋಡಿಂಗ್ ಆಪ್ ತೆರೆದೆ. ದೀಪ, ಕಿಟಕಿ, ಡೋರ್ ಲಾಕ್‌ಗಳನ್ನು ನಡೆಸುವ ಬಾಡಿ ಕಂಟ್ರೋಲ್ ಮಾಡ್ಯೂಲ್‌ನ ಹಳೆಯ ಕೋಡನ್ನು ಮೊದಲು ಪೂರ್ತಿಯಾಗಿ ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಆಗಲೇ ದಾಖಲಾಗಿದ್ದ ದೋಷಸಂಕೇತಗಳನ್ನೂ ದಿನಾಂಕದೊಂದಿಗೆ ಬರೆದೆ. ಕೋಡಿಂಗ್ ನಡುವೆ ವೋಲ್ಟೇಜ್ ಕುಸಿದರೆ ಮಾಡ್ಯೂಲೇ ಕೆಡಬಹುದು, ಆದ್ದರಿಂದ ಬ್ಯಾಟರಿಗೆ ಚಾರ್ಜರ್ ಜೋಡಿಸಿದ್ದೆ. ಇಗ್ನಿಷನ್ ಆನ್, ಎಂಜಿನ್ ಆಫ್. ಒಂದೇ ಒಂದು ಮೌಲ್ಯ ಬದಲಿಸಿ ಉಳಿಸಿದೆ. ಎಂಜಿನ್ ಚಾಲೂ ಮಾಡಿ, ಹೆಡ್‌ಲೈಟ್ ಹಾಕಿ ಸ್ಟೇರಿಂಗ್ ಎಡಕ್ಕೆ ತಿರುಗಿಸಿದಾಗ ಶೆಡ್ಡಿನ ಎಡಗೋಡೆ ಬೆಳಗಿತು.

ಎಂಜಿನ್, ಬ್ರೇಕ್, ಏರ್‌ಬ್ಯಾಗ್‌ಗಳ ತಂಟೆಗೆ ಹೋಗಲಿಲ್ಲ. ಹೆಚ್ಚು ಶಕ್ತಿಗಾಗಿ ಎಂಜಿನ್ ತಂತ್ರಾಂಶ ಬದಲಿಸಿದರೆ, ಅಂದರೆ ರೀಮ್ಯಾಪ್ ಮಾಡಿಸಿದರೆ, ಕ್ಲಚ್, ಗೇರ್‌ಬಾಕ್ಸ್, ಟರ್ಬೊ ಎಲ್ಲದರ ಮೇಲೂ ಹೊರೆ ಬೀಳುತ್ತದೆ. ಆಮೇಲೆ ಗೇರ್‌ಬಾಕ್ಸ್ ಕೆಟ್ಟರೆ ವಾರಂಟಿ ಕೇಳುವ ನೈತಿಕತೆ ನನಗೆ ಉಳಿಯುವುದಿಲ್ಲ.

ಎಂಟು ತಿಂಗಳ ನಂತರ ಎಸಿ ಕಂಪ್ರೆಸರ್ ನಿಂತಿತು. ಸರ್ವೀಸ್‌ಗೆ ಕೊಡುವ ಮುಂಚೆ ಹಳೆಯ ಕೋಡ್ ಹಾಕಿಬಿಡಿ ಎಂದು ಸ್ನೇಹಿತರು ಹೇಳಿದರು. ನಾನು ಒಪ್ಪಲಿಲ್ಲ; ಮುಚ್ಚಿಟ್ಟದ್ದು ಸಿಕ್ಕಿಬಿದ್ದರೆ ನ್ಯಾಯದ ಮಾತಿಗೂ ಬೆಲೆ ಇರುವುದಿಲ್ಲ. ಸರ್ವೀಸ್ ಅಡ್ವೈಸರ್ ಸ್ಕ್ಯಾನ್ ಮಾಡಿ, "ಕೋಡಿಂಗ್ ಬದಲಾಗಿದೆ ಸಾರ್, ಇಡೀ ಕಾರಿಗೆ ವಾರಂಟಿ ಹೋಯಿತು" ಎಂದರು.

"ಹಾಗೆಂದೇ ಜಾಬ್ ಕಾರ್ಡ್‌ನಲ್ಲಿ ಬರೆಯಿರಿ. ಫಾಗ್ ಲ್ಯಾಂಪ್ ಕೋಡ್‌ನಿಂದ ಕಂಪ್ರೆಸರ್ ಹೇಗೆ ಕೆಟ್ಟಿತೆಂದೂ ಬರೆಯಿರಿ" ಎಂದೆ. ಅವರು ಪೆನ್ನು ಕೆಳಗಿಟ್ಟರು.

ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳ ವಿರುದ್ಧ ನೀಡಿದ ಆದೇಶವನ್ನು ಓದಿಕೊಂಡು ಹೋಗಿದ್ದೆ. ಹೊರಗಿನ ಗ್ಯಾರೇಜಿನಲ್ಲಿ ರಿಪೇರಿ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿ ರದ್ದು ಮಾಡುವಂತಿಲ್ಲ, ಆ ಕೆಲಸದಿಂದ ಆದ ಹಾನಿಯಷ್ಟಕ್ಕೆ ಮಾತ್ರ ನಿರಾಕರಿಸಬಹುದು ಎಂದು ಅದು ಹೇಳುತ್ತದೆ. ಕಂಪನಿಗಳು ಮೇಲ್ಮನವಿಗೆ ಹೋದವು, ಆದೇಶದಲ್ಲಿ ಕೋಡಿಂಗ್ ಪ್ರಸ್ತಾಪವೂ ಇಲ್ಲ. ಆದರೂ ತರ್ಕ ಒಂದೇ ಎಂದು ವಾದಿಸಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸುತ್ತೇನೆ, ಅದಾಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ, ಅದಕ್ಕೆ ಎರಡು ವರ್ಷ ಕಾಲಾವಕಾಶವಿದೆ ಎಂದೂ ತಿಳಿಸಿದೆ.

ಒಂಬತ್ತನೆಯ ದಿನ ಕಂಪ್ರೆಸರ್ ಉಚಿತವಾಗಿ ಬದಲಾಯಿತು. ಫಾಗ್ ಲ್ಯಾಂಪ್ ಮತ್ತು ಅದರ ವೈರಿಂಗ್‌ಗೆ ಇನ್ನು ವಾರಂಟಿ ಇಲ್ಲವೆಂದು ಬರೆದು ಸಹಿ ಕೇಳಿದರು. ಅದು ನ್ಯಾಯವೇ, ಹಾಕಿದೆ.

ಅಂದು ಸಂಜೆ ಘಾಟಿಯ ಮೊದಲ ತಿರುವಿನಲ್ಲಿ ದೀಪ ಹೊತ್ತಲಿಲ್ಲ. ಸರ್ವೀಸ್‌ನಲ್ಲಿ ತಂತ್ರಾಂಶ ಅಪ್‌ಡೇಟ್ ಮಾಡಿದ್ದರು, ನನ್ನ ಕೋಡ್ ಅಳಿಸಿಹೋಗಿತ್ತು. ಮನೆಗೆ ಹೋಗಿ ನೋಟ್‌ಬುಕ್ ತೆರೆದೆ.