ಲಾಗ್ ಲೆಕ್ಕದ ಪುಟಕ್ಕೆ ಬೀಗ ಹಾಕೋದು ಹೇಗೆ

ಮಡಿಕೇರಿ, ಸೋಮವಾರಪೇಟೆ ಕಡೆಯ ಕೆಲವು ಹೋಂಸ್ಟೇಗಳ ವೆಬ್‌ಸೈಟ್ ನಾನೇ ನೋಡಿಕೊಳ್ಳುತ್ತೇನೆ. ಲಾಂಗ್ ವೀಕೆಂಡ್ ಮುಗಿದ ಕೂಡಲೇ ಮಾಲೀಕರು ಕೇಳುವುದು ಒಂದೇ: ಎಷ್ಟು ಜನ ಸೈಟ್ ನೋಡಿದರು? ಆ ಲೆಕ್ಕಕ್ಕೆ ಹಳೇ ಸರ್ವರ್‌ಗಳಲ್ಲಿ ಇನ್ನೂ ಎಡಬ್ಲ್ಯೂಸ್ಟ್ಯಾಟ್ಸ್ (AWStats) ಓಡುತ್ತಿದೆ. ಇದು ಸರ್ವರಿನ ಲಾಗ್, ಅಂದರೆ ಬಂದುಹೋದವರ ದಾಖಲೆ ಫೈಲ್ ಓದಿ ಲೆಕ್ಕದ ಪುಟ ಮಾಡಿಕೊಡುವ, ಪರ್ಲ್ ಭಾಷೆಯಲ್ಲಿ ಬರೆದ ಪ್ರೋಗ್ರಾಂ. ಅದನ್ನು ಮೇ ತಿಂಗಳಲ್ಲೇ ಭದ್ರ ಮಾಡಿಬಿಡುತ್ತೇನೆ. ಮಳೆ ಹಿಡಿದರೆ ಇಲ್ಲಿ ಕರೆಂಟೂ ಇಲ್ಲ, ನೆಟ್ಟೂ ಇಲ್ಲ.

ಮೊದಲು ವರ್ಷನ್ ನೋಡಿ. ಲೆಕ್ಕದ ಪುಟದ ಕೊನೆಯಲ್ಲೇ ಬರೆದಿರುತ್ತದೆ. ಪುಟ ತೆರೆದಿದ್ದರೆ ಅದು ಕಳ್ಳನಿಗೂ ಕಾಣುತ್ತದೆ ಅಲ್ವಾ?

2005ರಲ್ಲಿ ಸಿಕ್ಕ ತೂತು ಭಾರೀ ಕೆಟ್ಟದ್ದು. 6.3ಕ್ಕಿಂತ ಹಳೆಯ ವರ್ಷನ್‌ಗಳು ವೆಬ್ ವಿಳಾಸದಲ್ಲಿ ಬಂದ 'ಕಾನ್ಫಿಗ್‌ಡೈರ್' (configdir, ಸೆಟ್ಟಿಂಗ್ ಫೈಲ್ ಇರುವ ಫೋಲ್ಡರ್ ಹೆಸರು) ಅನ್ನು ಪರೀಕ್ಷಿಸದೆ, ಫೈಲ್ ತೆರೆಯುವ ಪರ್ಲ್‌ನ 'ಓಪನ್'ಗೆ ಕೊಡುತ್ತಿದ್ದವು. ಹೆಸರು ಪೈಪ್ ಗೆರೆಯಿಂದ (|) ಶುರುವಾದರೆ ಪರ್ಲ್ ಫೈಲ್ ತೆರೆಯುವುದಿಲ್ಲ, ಕಮಾಂಡ್ ಓಡಿಸುತ್ತದೆ! ಪಾಸ್‌ವರ್ಡ್ ಬೇಡ, ಏನೂ ಬೇಡ, ಬ್ರೌಸರ್ ಸಾಕು. ಆ ವರ್ಷವೇ ಲಪ್ಪರ್ ಅನ್ನುವ, ತಾನಾಗಿಯೇ ಹರಡುವ ಲಿನಕ್ಸ್ ವರ್ಮ್ ಇದೇ ದಾರಿಯಲ್ಲಿ ನುಗ್ಗಿತು. 2006ರಲ್ಲಿ ವಿಳಾಸದಲ್ಲೇ ಬರುವ 'ಮೈಗ್ರೇಟ್' ಅನ್ನುವ ಇನ್ನೊಂದು ಆಯ್ಕೆ ಕೈಕೊಟ್ಟಿತು. 2017ರಲ್ಲಿ 7.6ರವರೆಗಿನವುಗಳಲ್ಲಿ, 2020ರಲ್ಲಿ 7.8ರಲ್ಲಿ ಮತ್ತೆ ತೂತು. ಎಲ್ಲಾ ಒಳಬಂದದ್ದು ವಿಳಾಸದ ಮೂಲಕವೇ.

ಹಾಗಾಗಿ ಅಪ್‌ಡೇಟ್ ಮಾಡಿ ಸುಮ್ನೆ ಕೂರಬೇಡಿ. ಎಡಬ್ಲ್ಯೂಸ್ಟ್ಯಾಟ್ಸ್ ಸ್ಕ್ರಿಪ್ಟನ್ನು ಸಿಜಿಐ ಫೋಲ್ಡರ್‌ನಿಂದಲೇ (ಬ್ರೌಸರ್ ಕೇಳಿದ ಕೂಡಲೇ ಪ್ರೋಗ್ರಾಂ ಓಡುವ ಜಾಗ) ಹೊರಗೆ ಹಾಕಿ. ಅದರ ಜೊತೆಗೇ ಬರುವ 'ಬಿಲ್ಡ್‌ಸ್ಟ್ಯಾಟಿಕ್‌ಪೇಜಸ್' ಅನ್ನು ರಾತ್ರಿ ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಸರ್ವರ್ ಸೌಲಭ್ಯ) ಓಡಿಸಿದರೆ ಬರೀ ಎಚ್‌ಟಿಎಂಎಲ್ ಪುಟಗಳು ಸಿಗುತ್ತವೆ. ಅವಕ್ಕೂ ಸರ್ವರ್ ಪಾಸ್‌ವರ್ಡ್ ಹಾಕಿ. "ನನಗೆ ಈಗಿನ ಲೆಕ್ಕ ಈಗಲೇ ಬೇಕು" ಅನ್ನುವವರು ಇದ್ದೇ ಇರುತ್ತಾರೆ. ಬೆಳಿಗ್ಗೆ ಕಾಫಿ ಹೊತ್ತಿಗೆ ನೋಡಿದರೆ ಸಾಕು ಅಂತ ಹೇಳಿ ಒಪ್ಪಿಸಿ.

ಲಾಗ್ ನಮ್ಮದೇ ಅನ್ನಿಸಿದರೂ ಅರ್ಧ ಬರೆಯುವುದು ಹೊರಗಿನವರು. ಬ್ರೌಸರ್ ಹೆಸರು, ರೆಫರರ್ (ಯಾವ ಪುಟದಿಂದ ಬಂದರು ಅನ್ನುವುದು) ಎರಡನ್ನೂ ಬಂದವರೇ ಕಳಿಸುತ್ತಾರೆ, ಏನು ಬೇಕಾದರೂ ತುಂಬಬಹುದು. ಸ್ಕ್ರಿಪ್ಟ್ ತುಂಡು ಸೇರಿಸಿದರೆ, ಪ್ರೋಗ್ರಾಂ ಅದನ್ನು ಸೋಸದಿದ್ದರೆ, ಅದು ಲೆಕ್ಕ ನೋಡುವ ಮಾಲೀಕರ ಬ್ರೌಸರ್‌ನಲ್ಲೇ ಓಡುತ್ತದೆ. ಪುಟ ಬೀದಿಗೆ ತೆರೆದಿದ್ದರೆ ಜೂಜಿನ ಸೈಟ್‌ಗಳು ರೆಫರರ್ ಪಟ್ಟಿಯಲ್ಲಿ ಪುಕ್ಕಟೆ ಲಿಂಕ್ ಗಿಟ್ಟಿಸುತ್ತವೆ. ಬುಕಿಂಗ್ ಫಾರ್ಮ್ 'ಗೆಟ್'ನಲ್ಲಿದ್ದರೆ ತುಂಬಿದ್ದೆಲ್ಲ ವಿಳಾಸದಲ್ಲೇ ಹೋಗಿ ಅತಿಥಿಗಳ ಫೋನ್ ನಂಬರೂ ಲಾಗ್ ಸೇರುತ್ತದೆ, 'ಪೋಸ್ಟ್'ಗೆ ಬದಲಿಸಿ.

ಕೊನೆಗೆ ಹಳೇ ಲಾಗ್‌ನಲ್ಲಿ 'ಕಾನ್ಫಿಗ್‌ಡೈರ್' ಹುಡುಕಿ. ಮುಂದೆ 404 (ಪುಟ ಸಿಗಲಿಲ್ಲ) ಇದ್ದರೆ ಯಾರೋ ಬಾಗಿಲು ತಟ್ಟಿ ಹೋಗಿದ್ದಾರೆ, ಅಷ್ಟೇ. ಹಳೇ ವರ್ಷನ್ ಇದ್ದ ಕಾಲದಲ್ಲಿ 200 (ಕೇಳಿದ್ದು ಸಿಕ್ಕಿತು) ಬಂದಿದ್ದರೆ ಆ ಸರ್ವರನ್ನು ನಂಬಬೇಡಿ. ಪಾಸ್‌ವರ್ಡೆಲ್ಲ ಬದಲಿಸಿ, ಹೊಸದಾಗಿ ಇನ್‌ಸ್ಟಾಲ್ ಮಾಡಿ.