ಕಡಿಮೆ ಖರ್ಚಿನ ಹವಳದ ಅಕ್ವೇರಿಯಂ: ಮೊದಲ ಹಣ ನೀರಿಗೆ

ಬೆಂಗಳೂರಿನ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಕಟ್ಟಲು ಬಯಸುವವರು ಗಾಜಿನ ತೊಟ್ಟಿ, ಸ್ಟ್ಯಾಂಡ್, ಪಂಪುಗಳನ್ನು ಸೆಕೆಂಡ್ ಹ್ಯಾಂಡ್ ಆಗಿಯೇ ಕೊಳ್ಳಬಹುದು; ಆದರೆ ನೀರಿನ ವಿಷಯದಲ್ಲಿ ಮಾತ್ರ ದಯವಿಟ್ಟು ಉಳಿತಾಯ ಮಾಡಬೇಡಿ. ಬೋರ್‌ವೆಲ್ ನೀರನ್ನಾಗಲಿ, ಕ್ಲೋರಿನ್ ಬೆರೆತ ನಲ್ಲಿ ನೀರನ್ನಾಗಲಿ ನೇರವಾಗಿ ಬಳಸುವಂತಿಲ್ಲ. ಅಡುಗೆಮನೆಯ ಆರ್‌ಓ ಯಂತ್ರಗಳಲ್ಲಿ ಹಲವು ರುಚಿಗಾಗಿ ಖನಿಜಾಂಶವನ್ನು ಮತ್ತೆ ಸೇರಿಸುತ್ತವೆ. ಆದ್ದರಿಂದ ಆ ಹಂತಕ್ಕೆ ಮುಂಚೆಯೇ ನೀರನ್ನು ಹಿಡಿದು, ಉಳಿದ ಲವಣಗಳನ್ನೂ ಹೀರಿಕೊಳ್ಳುವ ಡಿಐ ರೆಸಿನ್ ಮೂಲಕ ಹಾಯಿಸಿ, ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಿದ ಮೇಲಷ್ಟೇ ಸಮುದ್ರದ ಉಪ್ಪಿನ ಮಿಶ್ರಣವನ್ನು ಕರಗಿಸಿ, ಉಪ್ಪಿನ ಪ್ರಮಾಣ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ಸಾಪೇಕ್ಷ ಸಾಂದ್ರತೆ 1.025 ಬರುವಂತೆ ನೋಡಿಕೊಳ್ಳಿ. ತೊಟ್ಟಿಯಿಂದ ಆವಿಯಾಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಹಾಗಾಗಿ ಕಡಿಮೆಯಾದಷ್ಟನ್ನು ಉಪ್ಪಿಲ್ಲದ ಶುದ್ಧ ನೀರಿನಿಂದಲೇ ತುಂಬಬೇಕು.

ನಮ್ಮ ಊರಿನ ಹವೆ ಇಲ್ಲಿ ದೊಡ್ಡ ಅನುಕೂಲ. ಚಿಕ್ಕ ತೊಟ್ಟಿಗೆ ನೀರನ್ನು ತಂಪಾಗಿಸುವ ದುಬಾರಿ ಚಿಲ್ಲರ್ ಯಂತ್ರದ ಬದಲು ನೀರಿನ ಮೇಲೆ ಬೀಸುವ ಸಣ್ಣ ಫ್ಯಾನ್ ಬಹುತೇಕ ಸಾಕಾಗುತ್ತದೆ.

ನಮ್ಮ ಕಡಲಿನಿಂದ ಕಿತ್ತ ಹವಳದ ಬಂಡೆಯನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ. ಕಲ್ಲುಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಜೀವಿಗಳಿಲ್ಲದ ಒಣ ಬಂಡೆಯಿಂದ ಆರಂಭಿಸಿ, ನೀರಿನಲ್ಲಿ ಮೀನಿಗೆ ವಿಷವಾದ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯುವವರೆಗೆ, ಸಾಮಾನ್ಯವಾಗಿ 4ರಿಂದ 6 ವಾರ, ಒಂದು ಮೀನನ್ನೂ ಬಿಡದೆ ಕಾಯಿರಿ.