‘ಗೋ’, ‘ಕಮ್’ ಜೊತೆ ಇನ್ನೊಂದು ಕ್ರಿಯಾಪದ: ಜೋಡಿಸುವುದು ಹೇಗೆ?

‘ಡಾಕ್ಟರನ್ನು ನೋಡೋಕೆ ಹೋದೆ’ ಅಂದರೆ ಅವರು ಸಿಕ್ಕಿದರೋ ಇಲ್ಲವೋ ಇನ್ನೂ ಹೇಳಿಲ್ಲ. ‘ಹೋಗಿ ನೋಡಿದೆ’ ಅಂದರೆ ಸಿಕ್ಕಿದ್ದಾರೆ, ಕೆಲಸ ಆಗಿದೆ. ಈ ವ್ಯತ್ಯಾಸ ಯಾರೂ ಹೇಳಿಕೊಡದೆ ನಮಗೆ ಬಂದಿದೆ. ಇಂಗ್ಲಿಷ್ ‘ಗೋ’ ಜೊತೆ ಇನ್ನೊಂದು ಕ್ರಿಯಾಪದ ಸೇರಿಸುವಾಗ ಮೊದಲು ಬೇಕಾಗುವುದೂ ಇದೇ. ವ್ಯಾಕರಣದ ಪುಸ್ತಕಗಳು ನಾಲ್ಕು ರೂಪಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿ ಅನ್ನುತ್ತವೆ. ಅದಕ್ಕಿಂತ, ಏನು ನಡೆಯಿತು ಎಂದು ಮೊದಲು ಕನ್ನಡದಲ್ಲೇ ತೀರ್ಮಾನಿಸಿಕೊಂಡು ಆಮೇಲೆ ರೂಪ ಆರಿಸುವುದು ಸುಲಭ.

ಮೊದಲ ಹೆಜ್ಜೆ: ಉದ್ದೇಶವೋ, ನಡೆದ ಸಂಗತಿಯೋ?

ಉದ್ದೇಶ ಮಾತ್ರ ಹೇಳಬೇಕಿದ್ದರೆ ನಡುವೆ ‘ಟು’: ‘ಐ ವೆಂಟ್ ಟು ಸೀ ದ ಡಾಕ್ಟರ್.’ ಇದರ ಮುಂದೆ ‘ಬಟ್ ಹಿ ವಾಸ್ ಔಟ್’ ಅಂತ ಧಾರಾಳವಾಗಿ ಸೇರಿಸಬಹುದು. ಕೆಲಸ ಮುಗಿದಿದ್ದರೆ ‘ಅಂಡ್’: ‘ಐ ವೆಂಟ್ ಅಂಡ್ ಸಾ ದ ಡಾಕ್ಟರ್.’ ಇದಕ್ಕೆ ‘ಬಟ್ ಹಿ ವಾಸ್ ಔಟ್’ ಅಂಟಿಸಿದರೆ, ‘ಹೋಗಿ ನೋಡಿದೆ, ಆದರೆ ಅವರು ಇರಲಿಲ್ಲ’ ಎಂದಷ್ಟೇ ವಿಚಿತ್ರವಾಗಿ ಕೇಳಿಸುತ್ತದೆ.

ಕಾಲದ ಗುರುತು ಎಲ್ಲಿ ಬೀಳುತ್ತದೆ ಎಂಬುದನ್ನೂ ಇಲ್ಲೇ ನೋಡಿಕೊಳ್ಳಿ. ‘ಟು’ ಬಂದರೆ ಎರಡನೆಯ ಕ್ರಿಯಾಪದ ಕದಲುವುದಿಲ್ಲ. ‘ವೆಂಟ್ ಟು ಸಾ’ ತಪ್ಪು. ‘ಅಂಡ್’ ಬಂದರೆ ಎರಡೂ ಬದಲಾಗಬೇಕು: ‘ಗೋಸ್ ಅಂಡ್ ಸೀಸ್’, ‘ವೆಂಟ್ ಅಂಡ್ ಸಾ’.

‘ವೆಂಟ್ ಅಂಡ್’ಗೆ ಇನ್ನೊಂದು ಮುಖವೂ ಇದೆ. ‘ಹಿ ವೆಂಟ್ ಅಂಡ್ ಟೋಲ್ಡ್ ಹರ್!’ ಅಂದಾಗ ಆತ ಎಲ್ಲಿಗೂ ಹೋಗಿಲ್ಲದಿರಬಹುದು, ಕೂತಲ್ಲೇ ಫೋನಿನಲ್ಲಿ ಹೇಳಿರಬಹುದು. ಅಲ್ಲಿರುವುದು ಹೇಳುವವರ ಸಿಡಿಮಿಡಿ. ನಾವು ‘ಹೋಗಿ ಹೋಗಿ ಅವಳ ಹತ್ತಿರ ಹೇಳಿದನಲ್ಲ!’ ಅನ್ನುತ್ತೇವೆ, ಅಲ್ಲಿಯೂ ಯಾರೂ ಹೆಜ್ಜೆ ಕಿತ್ತಿಟ್ಟಿರುವುದಿಲ್ಲ.

ಎರಡನೆಯ ಹೆಜ್ಜೆ: ‘ಅಂಡ್’ ಬಿಡಬಹುದೇ?

ಅಮೆರಿಕದವರ ಮಾತಿನಲ್ಲಿ ‘ಗೋ ಸೀ’, ‘ಗೋ ಗೆಟ್’, ‘ಕಮ್ ಸಿಟ್’ ಸದಾ ಕೇಳಿಬರುತ್ತವೆ. ಇದು ಹೊಸ ಶೋಕಿಯೇನಲ್ಲ. ಹದಿನಾರು, ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲೂ ಬಳಕೆಯಲ್ಲಿತ್ತು. ಆದರೆ ಷರತ್ತೊಂದಿದೆ. ‘ಗೋ’, ‘ಕಮ್’ ಯಾವ ಬಾಲವೂ ಇಲ್ಲದೆ ಮೂಲರೂಪದಲ್ಲೇ ಇರಬೇಕು. ‘ಐ ವಿಲ್ ಗೋ ಸೀ’ ಸರಿ, ‘ಡಿಡ್ ಯು ಗೋ ಸೀ’ ಸರಿ, ‘ದೇ ಗೋ ಸೀ’ ಕೂಡ ಸರಿ. ‘ಹಿ ಗೋಸ್ ಸೀ’, ‘ಹಿ ಗೋಸ್ ಸೀಸ್’, ‘ಹಿ ವೆಂಟ್ ಸಾ’, ‘ಹಿ ಹ್ಯಾಸ್ ಗಾನ್ ಸೀ’ ಯಾವುದೂ ನಡೆಯುವುದಿಲ್ಲ. ‘ಗೋ’ಗೆ ಬಾಲ ಬಂದ ಕೂಡಲೇ ‘ಅಂಡ್’ ಅಥವಾ ‘ಟು’ ವಾಪಸ್ ತರಬೇಕು. ಬರವಣಿಗೆಯಲ್ಲಿ ‘ಅಂಡ್’ ಉಳಿಸಿಕೊಳ್ಳುವುದೇ ಕ್ಷೇಮ ಎಂಬುದು ನನ್ನ ಅಭಿಪ್ರಾಯ. ಬ್ರಿಟಿಷ್ ಓದುಗರಿಗೆ ‘ಗೋ ಸೀ’ ಇನ್ನೂ ಸ್ವಲ್ಪ ಅಮೆರಿಕನ್ ಅನ್ನಿಸುತ್ತದೆ.

ಮೂರನೆಯ ಹೆಜ್ಜೆ: ‘ಇಂಗ್’ ಹಚ್ಚುವುದು ಯಾವಾಗ?

ನಾವು ಹೆಚ್ಚು ಎಡವುವುದು ಇಲ್ಲಿ. ‘ಗೋ ಸ್ವಿಮ್ಮಿಂಗ್’, ‘ಗೋ ಫಿಶಿಂಗ್’, ‘ಗೋ ಶಾಪಿಂಗ್’ ಇವುಗಳ ನಡುವೆ ‘ಟು’ ಬರುವುದಿಲ್ಲ. ಹಿಂದೆ ಇಲ್ಲೊಂದು ಪುಟ್ಟ ಪದ ಇತ್ತು. ‘ಗೋ ಅ-ಹಂಟಿಂಗ್’ ಎಂಬ ಹಳೆಯ ರೂಪದ ಆ ‘ಅ’ ಎನ್ನುವುದು ‘ಆನ್’ ಸವೆದು ಉಳಿದದ್ದು. ಕೊನೆಗೆ ಅದೂ ಸವೆದುಹೋಯಿತು. ಖಾಲಿಯಾದ ಆ ಜಾಗಕ್ಕೆ ‘ಟು’ ತುರುಕುವುದು ಬೇಡ.

ಈ ರೂಪ ಎಲ್ಲ ಕೆಲಸಕ್ಕೂ ಒಗ್ಗುವುದಿಲ್ಲ. ಮನೆಯಿಂದ ಹೊರಟು ಒಂದಿಷ್ಟು ಹೊತ್ತು ಕಳೆಯುವ ಚಟುವಟಿಕೆ ಆಗಿರಬೇಕು: ಆಟ, ವಿಹಾರ, ಖರೀದಿ, ‘ಜಾಬ್ ಹಂಟಿಂಗ್’ನಂಥ ಹುಡುಕಾಟ. ‘ಗೋ ಕುಕಿಂಗ್’, ‘ಗೋ ಸ್ಟಡಿಯಿಂಗ್’ ಅನ್ನುವುದಿಲ್ಲ. ಸಾಮಾನ್ಯವಾಗಿ ಇದರ ಹಿಂದೆ ಕರ್ಮಪದವೂ ಬರುವುದಿಲ್ಲ. ‘ಗೋ ಶಾಪಿಂಗ್’ ಸರಿ, ‘ಗೋ ಬೈಯಿಂಗ್ ಶೂಸ್’ ಅಲ್ಲ. ಏನನ್ನು ಕೊಳ್ಳುತ್ತೀರಿ ಎಂದು ಹೇಳಬೇಕಿದ್ದರೆ ‘ಗೋ ಟು ಬೈ ಶೂಸ್’. ಒಂದು ಅಪವಾದ ಗದರಿಕೆಯದು: ‘ಡೋಂಟ್ ಗೋ ಟೆಲಿಂಗ್ ಎವ್ರಿಒನ್’, ಎಲ್ಲರ ಹತ್ತಿರ ಹೇಳ್ಕೊಂಡು ತಿರುಗಬೇಡ ಎಂದು.

ಇನ್ನು ಸ್ಥಳ. ‘ನದಿಗೆ ಈಜೋಕೆ ಹೋದರು’ ಎಂಬಲ್ಲಿನ ‘ಗೆ’ ನಮ್ಮಿಂದ ‘ದೇ ವೆಂಟ್ ಸ್ವಿಮ್ಮಿಂಗ್ ಟು ದ ರಿವರ್’ ಬರೆಸುತ್ತದೆ. ಇಂಗ್ಲಿಷ್‌ನಲ್ಲಿ ಇಲ್ಲಿ ಸ್ಥಳವನ್ನು ನಿರ್ಧರಿಸುವುದು ‘ಗೋ’ ಅಲ್ಲ, ಎರಡನೆಯ ಕ್ರಿಯಾಪದ. ಈಜುವುದು ನದಿಯಲ್ಲಿ, ಹಾಗಾಗಿ ‘ವೆಂಟ್ ಸ್ವಿಮ್ಮಿಂಗ್ ಇನ್ ದ ರಿವರ್’. ಖರೀದಿ ಮಾಡುವುದು ಮಾಲ್‌ನಲ್ಲಿ, ಹಾಗಾಗಿ ‘ಶಾಪಿಂಗ್ ಅಟ್ ದ ಮಾಲ್’. ಸಂಶಯ ಬಂದರೆ ‘ಗೋ’ ತೆಗೆದುಹಾಕಿ ಓದಿ. ‘ದೇ ಸ್ವಾಮ್ ಇನ್ ದ ರಿವರ್’ ಅಂದಾಗ ಯಾವ ಪದ ಬಂತೋ ಅದನ್ನೇ ಇಟ್ಟುಕೊಳ್ಳಿ.

ನಾಲ್ಕನೆಯ ಹೆಜ್ಜೆ: ಹೇಗೆ ಬಂದ, ಹೇಗೆ ಹೋದ?

‘ಕಮ್’ ಜೊತೆಗಿನ ‘ಇಂಗ್’ ಬೇರೆ ಕೆಲಸ ಮಾಡುತ್ತದೆ. ‘ಹಿ ಕೇಮ್ ರನ್ನಿಂಗ್’ ಅಂದರೆ ಓಡೋಡಿ ಬಂದ. ಬಂದ ರೀತಿಯನ್ನು ಹೇಳುತ್ತದೆ. ಇದೇ ಧಾಟಿಯಲ್ಲಿ ‘ಓಡಿಹೋದ’ ಎಂಬುದನ್ನು ‘ಹಿ ವೆಂಟ್ ರನ್ನಿಂಗ್’ ಮಾಡಿದರೆ, ಬೂಟು ಹಾಕಿಕೊಂಡು ವ್ಯಾಯಾಮಕ್ಕೆ ಹೊರಟ ಮನುಷ್ಯ ಕಣ್ಣಮುಂದೆ ಬರುತ್ತಾನೆ. ಪರಾರಿಯಾದವನಿಗೆ ‘ಹಿ ರ‍್ಯಾನ್ ಅವೇ’.

ಇಂಗ್ಲಿಷ್‌ಗೆ ಹೆಚ್ಚು ಸಹಜವಾದದ್ದೂ ಈ ಎರಡನೆಯ ದಾರಿಯೇ. ನಾವು ರೀತಿಯನ್ನು ಮೊದಲಿಟ್ಟು, ಹೋಗು–ಬಾ–ದಾಟುಗಳನ್ನು ಕೊನೆಗಿಡುತ್ತೇವೆ: ಈಜಿ ದಾಟಿದ, ಓಡಿ ಒಳಗೆ ಬಂದ, ನಡೆದುಕೊಂಡು ಹೋದ. ಇಂಗ್ಲಿಷ್‌ನಲ್ಲಿ ರೀತಿಯೇ ಮುಖ್ಯ ಕ್ರಿಯಾಪದ, ದಿಕ್ಕಿಗೆ ಒಂದು ಪುಟ್ಟ ಪದ ಸಾಕು: ‘ಸ್ವಾಮ್ ಅಕ್ರಾಸ್’, ‘ರ‍್ಯಾನ್ ಇನ್’, ‘ವಾಕ್ಡ್’. ‘ಐ ವೆಂಟ್ ಬೈ ವಾಕ್’ ಹುಟ್ಟುವುದು ‘ಹೋದೆ’ಯನ್ನು ಬಿಟ್ಟುಕೊಡಲಾರದ ಹಟದಿಂದ. ‘ಐ ವಾಕ್ಡ್’ ಅನ್ನಿ, ‘ಹೋದೆ’ ಅದರೊಳಗೇ ಇದೆ.

ಐದನೆಯ ಹೆಜ್ಜೆ: ಕೊನೆಯ ‘ಬಾ’ ಏನು ಮಾಡುವುದು?

‘ನೋಡ್ಕೊಂಡು ಬಾ’, ‘ಊಟ ಮಾಡ್ಕೊಂಡು ಬರ್ತೀನಿ’, ‘ಹೋಗಿ ಬರ್ತೀನಿ’. ಹಿಂತಿರುಗುವುದನ್ನು ಹೇಳದೆ ಬಿಟ್ಟರೆ ನಮಗೆ ಮಾತು ಅರ್ಧ ಆದಂತೆ. ಇಂಗ್ಲಿಷ್ ಆ ವಾಪಸಾತಿಯನ್ನು ಕೇಳುವವರ ಊಹೆಗೇ ಬಿಡುತ್ತದೆ. ನೋಡ್ಕೊಂಡು ಬಾ ಅನ್ನಲು ‘ಗೋ ಅಂಡ್ ಸೀ’ ಸಾಕು. ‘ಸೀ ಅಂಡ್ ಕಮ್’ ಬೇಡ. ಹೋಗಿ ತಗೊಂಡು ಬಾ ಅನ್ನಲು ‘ಗೋ ಅಂಡ್ ಗೆಟ್ ಇಟ್’. ತಗೊಂಡು ಬಾ ಮಾತ್ರವಾದರೆ ‘ಬ್ರಿಂಗ್’, ತಗೊಂಡು ಹೋಗು ‘ಟೇಕ್’. ಊಟಕ್ಕೆ ಏಳುವಾಗ ‘ಐ ವಿಲ್ ಈಟ್ ಅಂಡ್ ಕಮ್’ ಬದಲು ‘ಐ ವಿಲ್ ಬಿ ಬ್ಯಾಕ್ ಆಫ್ಟರ್ ಲಂಚ್’.

ಆದರೆ ‘ಹೋಗಿಬಂದಿದ್ದಾಳೆ’ಗೆ ಇಂಗ್ಲಿಷ್‌ನಲ್ಲಿ ಚೊಕ್ಕ ರೂಪವಿದೆ. ‘ಶಿ ಹ್ಯಾಸ್ ಗಾನ್ ಶಾಪಿಂಗ್’ ಅಂದರೆ ಹೋಗಿದ್ದಾಳೆ, ಇನ್ನೂ ಬಂದಿಲ್ಲ. ‘ಶಿ ಹ್ಯಾಸ್ ಬೀನ್ ಶಾಪಿಂಗ್’ ಅಂದರೆ ಹೋಗಿಬಂದಿದ್ದಾಳೆ. ಯಾರಾದರೂ ಫೋನ್ ಮಾಡಿ ಅವಳನ್ನು ಕೇಳಿದಾಗ ಈ ಎರಡು ಅದಲುಬದಲಾದರೆ, ಅವಳು ಮನೆಯಲ್ಲಿದ್ದಾಳೋ ಇಲ್ಲವೋ ಎಂಬ ಉತ್ತರವೇ ತಿರುಗುಮುರುಗಾಗುತ್ತದೆ.

ಚಲನೆಯೇ ಇಲ್ಲದ ಜೋಡಿಗಳು

‘ಇಟ್ ಈಸ್ ಗೋಯಿಂಗ್ ಟು ರೇನ್’ನಲ್ಲಿ ಯಾರೂ ಎಲ್ಲಿಗೂ ಹೋಗುತ್ತಿಲ್ಲ. ಉದ್ದೇಶಕ್ಕಾಗಿ ಹೊರಡುವ ‘ಗೋಯಿಂಗ್ ಟು’ ಹದಿನೈದನೆಯ ಶತಮಾನದ ಕೊನೆಯ ಹೊತ್ತಿಗೆ ಭವಿಷ್ಯ ಸೂಚಿಸಲು ಶುರುಮಾಡಿತು. 1482ರ ಒಂದು ಬರಹದಲ್ಲಿ ಅದರ ಕುರುಹಿದೆ. ಮಾತಿನಲ್ಲಿ ‘ಗಾನಾ’ ಆಗಿ ಮುದುಡಿಕೊಳ್ಳುವುದು ಈ ಭವಿಷ್ಯದ ‘ಗೋಯಿಂಗ್ ಟು’ ಮಾತ್ರ. ‘ಐ ಆಮ್ ಗಾನಾ ಸ್ಲೀಪ್’ ಅನ್ನಬಹುದು, ‘ಐ ಆಮ್ ಗಾನಾ ದ ಬ್ಯಾಂಕ್’ ಅನ್ನಲಾಗದು.

‘ಗೋ ಅನ್‌ನೋಟಿಸ್ಡ್’, ‘ಗೋ ಮಿಸ್ಸಿಂಗ್’ ಥರದವನ್ನು ಇದ್ದಂತೆಯೇ ಕಲಿತುಬಿಡಿ, ಅವು ಬಹಳವಿಲ್ಲ.

‘ಕಮ್ ಟು’ ಮಾತ್ರ ಎಚ್ಚರ ಬೇಡುತ್ತದೆ. ‘ಐ ಕೇಮ್ ಟು ಲೈಕ್ ಹಿಮ್’ ಅಂದರೆ ನಿಧಾನವಾಗಿ, ಗೊತ್ತಾಗದಂತೆ ಆತ ಇಷ್ಟವಾದ. ‘ಲೈಕ್’, ‘ಬಿಲೀವ್’, ‘ರಿಯಲೈಜ್’, ‘ನೋ’ ಮುಂತಾದ ಮನಸ್ಸಿನ ಸ್ಥಿತಿಗಳ ಜೊತೆ ಇದು ಚೆನ್ನಾಗಿ ಕೂರುತ್ತದೆ. ಕಾಲ ಸರಿದ ಭಾವ ಅದರಲ್ಲಿ ಇದ್ದೇ ಇರುತ್ತದೆ. ನಿನ್ನೆ ಸಂಜೆ ಕಿವಿಗೆ ಬಿದ್ದ ಸುದ್ದಿಗೆ ‘ಐ ಕೇಮ್ ಟು ನೋ ದಟ್ ಯು ಆರ್ ಲೀವಿಂಗ್’ ಎಂದು ಮೇಲ್ ಬರೆಯುವವರು ‘ತಿಳಿದುಬಂತು’ ಎಂಬುದನ್ನು ಹಾಗೆಯೇ ಎತ್ತಿ ಇಟ್ಟಿರುತ್ತಾರೆ. ಅಲ್ಲಿ ‘ಐ ಹರ್ಡ್’ ಸಾಕು. ನೀವೇ ವಿಚಾರಿಸಿ ಪತ್ತೆ ಮಾಡಿದ್ದರೆ ‘ಐ ಫೌಂಡ್ ಔಟ್’.